ಸಿಲಿಕಾನಿಗೆ ಕವಚ, ಎದೆಗೂ ಕವಚ

ಬಿಸಿಲಿನ ಬಲದಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯುವ ವಿದ್ಯೆಯ ಮಾತು ಈಗ ಬಹಳ ಕೇಳಿಬರುತ್ತಿದೆ. ಕೇಂದ್ರ ಸರ್ಕಾರವು 2023ರಲ್ಲಿ ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಇದರಲ್ಲಿ 17,490 ಕೋಟಿ ತಯಾರಕರಿಗೆ ಪ್ರೋತ್ಸಾಹಧನ. ಸಂಶೋಧನೆಗೆ 400 ಕೋಟಿ ಮಾತ್ರ. ಹಣ ಜನರದು. ಆದುದರಿಂದ ಈ ವಿದ್ಯೆಯ ಕಷ್ಟವೆಲ್ಲಿದೆ ಎಂಬುದನ್ನು ಜನರೂ ತಿಳಿಯಬೇಕು.

ಮನೆ ಮಾಡಿನ ಸೌರ ಫಲಕದಲ್ಲಿರುವ ಸಿಲಿಕಾನನ್ನೇ ನೀರಿನಲ್ಲಿ ಮುಳುಗಿಸಿ ಅಲ್ಲಿಯೇ ನೀರನ್ನು ಒಡೆಸುವುದು ಒಂದು ಮಾರ್ಗ. ಆದರೆ ಆಮ್ಲಜನಕ ಏಳುವ ಕಡೆ ಸಿಲಿಕಾನ್ ತುಕ್ಕು ಹಿಡಿದಂತೆ ಕೆಡುತ್ತದೆ. ಮೈಮೇಲೆ ಗಾಜಿನಂಥ ಪೊರೆ ಬೆಳೆದು ವಿದ್ಯುತ್ತನ್ನು ತಡೆಯುತ್ತದೆ. ಕ್ಷಾರದ ನೀರಾದರೆ ಬಿಲ್ಲೆಯೇ ಕರಗುತ್ತದೆ. ಅಗ್ಗದ ನಿಕ್ಕಲ್ ಚೆನ್ನಾಗಿ ದುಡಿಯುವುದು ಆ ಕ್ಷಾರದಲ್ಲಿಯೇ! ಆದುದರಿಂದ ಕವಚ ಬೇಕು. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಆಕ್ಸೈಡನ್ನೇ ಅಣು ಅಣುವಾಗಿ ಹೊದಿಸುತ್ತಾರೆ. 2014ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು ಇಂಥ ಹೊದಿಕೆಯ ಮೇಲೆ ನಿಕ್ಕಲ್ ಇಟ್ಟು ಕ್ಷಾರದಲ್ಲಿ ನೂರು ಗಂಟೆಗೂ ಹೆಚ್ಚು ಕಾಲ ನಡೆಸಿ ತೋರಿಸಿದರು. ನೂರು ಗಂಟೆಯೆಂದರೆ ನಾಲ್ಕು ದಿನ ಚಿಲ್ಲರೆ. ಫಲಕಕ್ಕೆ ವ್ಯಾಪಾರಿ ಕೊಡುವ ಭರವಸೆ 25 ವರ್ಷ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒಳಗಿನದು ಕೆಡುತ್ತದೆ. ಈ ಅಂತರವನ್ನು ತುಂಬುವುದು ಪ್ರೋತ್ಸಾಹಧನವಲ್ಲ, ತಾಳ್ಮೆಯ ಸಂಶೋಧನೆ.

ಚಾಂಪಿಯನ್ ರೀಫ್ಸಿನ ಜನಕ್ಕೆ ಇನ್ನೊಂದು ಮಾತು ನೆನಪಿರಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಂತ್ರಕ್ಕೆ ಶಕ್ತಿ ಮೊದಲು ಸಿಕ್ಕಿತು. ಗಣಿಗಾರನ ಎದೆಗೆ? 1940ರ ದಶಕದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡಿತು. ಬೆಣಚುಕಲ್ಲಿನ ಧೂಳು ಹೊಕ್ಕ ಎದೆಗೆ ಮದ್ದಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಕಾಯಿಲೆ ಅದರೊಡನೆ ಮುಚ್ಚಲಿಲ್ಲ.

ಸಿಲಿಕಾನನ್ನು ತೆಗೆಯುವುದೂ ಅದೇ ಬೆಣಚುಕಲ್ಲಿನಿಂದ. ಕಲ್ಲನ್ನು ಒಡೆದು ಪುಡಿ ಮಾಡುವವನು ಕೂಲಿಕಾರ. ಬಿಲ್ಲೆಯ ಹೊದಿಕೆಯನ್ನು ಅಣುಲೆಕ್ಕದಲ್ಲಿ ಅಳೆಯುವವರು ಅವನ ಉಸಿರಿನ ಧೂಳನ್ನು ಅಳೆಯದೆ ಬಿಡಬಹುದೆ?

ಆದುದರಿಂದ ನಮ್ಮ ಒತ್ತಾಯ ಎರಡು. ಸಂಶೋಧನೆಯ ಪಾಲು ಹೆಚ್ಚಲಿ. ಕವಚ ಎಷ್ಟು ದಿನ ಬಾಳಿತೆಂಬ ಲೆಕ್ಕ ಬಹಿರಂಗವಾಗಲಿ. ಸರ್ಕಾರದ ಹಣ ಮುಟ್ಟುವ ಪ್ರತಿ ಕಾರ್ಖಾನೆಯೂ ತನಗೆ ಕಲ್ಲು ಒದಗಿಸುವ ಕಡೆ ಧೂಳಿನ ಅಳತೆ, ಎದೆಯ ತಪಾಸಣೆ ನಡೆದಿದೆಯೆಂದು ತೋರಿಸಲಿ. ಬಿಲ್ಲೆ ಕೆಟ್ಟರೆ ಬೇರೊಂದನ್ನು ತರಬಹುದು. ಶ್ವಾಸಕೋಶವನ್ನು ಯಾವ ಅಂಗಡಿಯಿಂದ ತರುವುದು?