ಬುತ್ತಿಯ ಭಾರ ಯಾರ ಹೆಗಲಿಗೆ?

ಮುಂಬಯಿಯಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳ ‘ಒಂದು ದಿನದ ವಿಹಾರ’ವನ್ನು ಕುರಿತು ನಾಲ್ಕು ಮಾತು ಕಟುವಾಗಿಯೇ ಹೇಳಬೇಕಾಗಿದೆ. ಓದುಗ ಮಹಾಶಯರು ಮುನಿಸಿಕೊಂಡರೂ ಚಿಂತೆಯಿಲ್ಲ. ಅವರ ಮನೆಯ ಹೆಣ್ಣುಮಕ್ಕಳು ಮುನಿಸಿಕೊಳ್ಳಲಾರರೆಂಬ ಭರವಸೆ ನಮಗಿದೆ.

ವಿಹಾರದ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಊರಿನಿಂದ ಅತ್ತೆ-ಮಾವ ಬಂದಿರುತ್ತಾರೆ, ಇಲ್ಲವೆ ಮಕ್ಕಳಿಗೆ ರಜೆ. ರವಿವಾರ ಗೇಟ್‌ವೇ, ಅಲ್ಲಿಂದ ಎಲಿಫೆಂಟಾ, ಸಂಜೆ ದಾದರಿನಲ್ಲಿ ಖರೀದಿ ಎಂದು ಯಜಮಾನರು ಶನಿವಾರ ರಾತ್ರಿ ಊಟಕ್ಕೆ ಕುಳಿತಲ್ಲಿಂದಲೇ ಸಾರುತ್ತಾರೆ. ಸಾರಿದವರು ಹೋಗಿ ಮಲಗುತ್ತಾರೆ. ಕೇಳಿಸಿಕೊಂಡಾಕೆ ಬೆಳಗಿನ ನಾಲ್ಕಕ್ಕೆ ಏಳುತ್ತಾಳೆ. ಎಂಟು ಜನಕ್ಕೆ ಚಪಾತಿ, ಬದನೆಕಾಯಿ ಪಲ್ಯ, ಚಿತ್ರಾನ್ನ, ಮೊಸರನ್ನ, ಶೇಂಗಾ ಚಟ್ನಿ. ಮಾವನವರಿಗೆ ಖಾರವಿಲ್ಲದ್ದು ಬೇರೆ, ಕಿರಿಮಗನಿಗೆ ಒಗ್ಗರಣೆಯಲ್ಲಿ ಕರಿಬೇವು ಕಾಣಿಸದಂಥದ್ದು ಬೇರೆ. ಏಳು ಗಂಟೆಗೆ ‘ಇನ್ನೂ ಆಗಲಿಲ್ಲವೇ? ಮೆಗಾಬ್ಲಾಕ್ ಶುರುವಾದರೆ ಗಾಡಿ ಸಿಕ್ಕುವುದಿಲ್ಲ’ ಎಂಬ ಗದರಿಕೆ. ರಾತ್ರಿ ಹತ್ತಕ್ಕೆ ಡೊಂಬಿವಲಿಗೋ ಠಾಣೆಗೋ ಮರಳಿದ ಮೇಲೆ ಎಲ್ಲರೂ ಕಾಲು ಚಾಚುತ್ತಾರೆ. ಆಕೆ ಎಣ್ಣೆ ಹತ್ತಿದ ಡಬ್ಬಿಗಳನ್ನು ತಿಕ್ಕುತ್ತಾಳೆ. ಇದಕ್ಕೆ ಕುಟುಂಬ ವಿಹಾರವೆಂದು ಹೆಸರು!

ನಮ್ಮದು ಕೇಂದ್ರ ಸರಕಾರದ ಗುಮಾಸ್ತಿಕೆ. ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ, 30 ದಿನ ಗಳಿಕೆ ರಜೆ ನಮ್ಮ ಖಾತೆಗೆ ಜಮೆಯಾಗುತ್ತವೆ. ರವಿವಾರ ಕಚೇರಿಗೆ ಕರೆಸಿದರೆ ಬದಲಿ ರಜೆ ಕೇಳಲು ನಾವು ಮರೆಯುವವರಲ್ಲ. ಮನೆಯಾಕೆಯ ರಜೆಯ ಖಾತೆ ಯಾವ ರಿಜಿಸ್ಟರಿನಲ್ಲಿದೆ? ಸರಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಈ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಸವೆಸುತ್ತಾರೆ, ಗಂಡಸರು 88 ನಿಮಿಷ. ಅದೂ ಒಂದಿಷ್ಟು ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಏನೂ ಮಾಡದ ಮಹನೀಯರು ಈ ಸರಾಸರಿಯಲ್ಲಿ ಸೇರಿಲ್ಲ. ವಿಹಾರದ ದಿನ ಈ 289 ನಿಮಿಷ ಕಡಿಮೆಯಾಗಬೇಕಾದದ್ದು ನ್ಯಾಯ. ನಮ್ಮಲ್ಲಿ ಹೆಚ್ಚಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ನಾವು ಮನೆಮಂದಿ ಐವರು ಬರಿಗೈಯಲ್ಲಿ ಎಲಿಫೆಂಟಾಕ್ಕೆ ಹೋಗಿದ್ದೆವು. ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆ, ಆಮೇಲೆ ನೂರಿಪ್ಪತ್ತು ಮೆಟ್ಟಿಲು. ದೊಡ್ಡ ಗುಹೆಯ ಬಾಗಿಲ ಹೊರಗೆ, ಮರದ ಕೆಳಗೆ, ನಮ್ಮ ಉತ್ತರ ಕರ್ನಾಟಕದ ಕಡೆಯ ಹೆಣ್ಣುಮಗಳೊಬ್ಬಳು ಎರಡು ದೊಡ್ಡ ಚೀಲಗಳನ್ನು ಮಡಿಲಿಗೆ ಒತ್ತಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಕುಳಿತಿದ್ದಳು. ಅಲ್ಲಿನ ಮಂಗಗಳ ಕಾಟ ಹೋಗಿಬಂದವರಿಗೆಲ್ಲ ಗೊತ್ತು. ‘ಯಾಕ್ರೀ ಅಕ್ಕಾರ, ಒಳಗ ಬರಂಗಿಲ್ಲೇನ್ರೀ?’ ಎಂದು ನಮ್ಮ ಮನೆಯವರು ಕೇಳಿದರು. ‘ಇವರೆಲ್ಲಾ ನೋಡಿ ಬರಲ್ರೀ. ಬುತ್ತಿ ಬಿಟ್ಟು ಹ್ಯಾಂಗ ಬರ್ಲಿ? ಇದು ಎರಡನೇ ಸಲ ಬಂದೇನ್ರಿ. ಎರಡೂ ಸಲ ಮಂಗ್ಯಾನ್ನ ನೋಡೀನಿ, ದೇವರನ್ನ ಒಮ್ಮೆನೂ ನೋಡಿಲ್ಲ’ ಎಂದಳು ಆಕೆ, ನಗುತ್ತಲೇ. ಒಳಗೆ ಸುಮಾರು 18 ಅಡಿ ಎತ್ತರದ ಆ ಮೂರು ಮುಖದ ಸದಾಶಿವ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಹೆಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಡೊಂಬಿವಲಿಯಿಂದ ಬಂದಾಕೆಗೆ ಬಾಗಿಲು ದಾಟಲು ಬಿಡುವಿಲ್ಲ. ಆ ಗುಹೆಗಳಿಗೆ ಪ್ರತಿ ಸೋಮವಾರ ರಜೆ. ಕಲ್ಲಿನ ದೇವರಿಗೂ ವಾರಕ್ಕೊಂದು ರಜೆಯಿದೆ, ಸ್ವಾಮಿ!

ಇನ್ನೊಂದು ಸಂಗತಿ. ಸಂಕೋಚದಿಂದ ಯಾರೂ ಬರೆಯುವುದಿಲ್ಲವಾದ್ದರಿಂದ ನಾವು ಬರೆಯುತ್ತೇವೆ. ವಿಹಾರದ ದಿನ ನಮ್ಮ ಹೆಂಗಸರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಬಿಸಿಲಲ್ಲಿ ಅಲೆಯುತ್ತಾರೆ, ಮಕ್ಕಳಿಗೆ ಬಾಟಲಿ ಎತ್ತಿ ಕುಡಿಸುತ್ತಾರೆ, ತಾವು ತುಟಿ ಒದ್ದೆ ಮಾಡಿಕೊಳ್ಳುತ್ತಾರೆ. ಕಾರಣ ಸ್ಪಷ್ಟ: ಹೋಗಲು ಜಾಗವಿಲ್ಲ. ಗಂಡಸರಿಗೆ ಪುಕ್ಕಟೆಯಾದ ಕಡೆಯಲ್ಲಿ ಹೆಂಗಸರಿಂದ ದುಡ್ಡು ಕೀಳುತ್ತಾರೆಂದು 2011ರಲ್ಲಿ ಇದೇ ನಗರದ ಮಹಿಳಾ ಕಾರ್ಯಕರ್ತೆಯರು ಚಳವಳಿಯನ್ನೇ ಹೂಡಬೇಕಾಯಿತು. 2015ರಲ್ಲಿ ಮುಂಬಯಿ ಹೈಕೋರ್ಟು ಮಹಿಳೆಯರಿಗೆ ಶುಚಿಯಾದ ಶೌಚಾಲಯಗಳನ್ನು ಒದಗಿಸಿರೆಂದು ಮಹಾರಾಷ್ಟ್ರದ ಮಹಾನಗರಪಾಲಿಕೆಗಳಿಗೆ ಆದೇಶವಿತ್ತಿತು. ಆದೇಶ ಬೀದಿಗೆ ಇಳಿಯುವವರೆಗೆ, ಒಂದು ಸಾಧಾರಣ ಹೋಟೆಲಿನಲ್ಲಿ ಕುಳಿತು ಉಂಡರೆ ಊಟದ ಜೊತೆಗೆ ಒಂದು ಕುರ್ಚಿ, ತಲೆಯ ಮೇಲೊಂದು ಪಂಖ, ಕೈ ತೊಳೆಯಲು ನಲ್ಲಿ, ಚಿಲಕವಿರುವ ಒಂದು ಬಾಗಿಲು ಸಿಕ್ಕುತ್ತವೆ. ಉದ್ಯಾನದ ಹುಲ್ಲಿನ ಮೇಲೆ ಹಳೆಯ ಸೀರೆ ಹಾಸಿ ಡಬ್ಬಿ ಬಿಚ್ಚಿದರೆ ಇವು ಯಾವುವೂ ಸಿಕ್ಕುವುದಿಲ್ಲ.

ಹೋಟೆಲ್ ಎಂದೊಡನೆ ಮುಖ ಗಂಟಿಕ್ಕುವ ಹಿರಿಯರಿಗೆ ನಾವು ಕೇಳುವುದಿಷ್ಟು: ಈ ಮುಂಬಯಿಗೆ ಕುಳಿತು ಉಣ್ಣುವುದನ್ನು ಕಲಿಸಿದವರಲ್ಲಿ ನಮ್ಮವರ ಪಾಲು ಸಣ್ಣದೇ? ಉಡುಪಿ, ಕುಂದಾಪುರದ ಕಡೆಯಿಂದ ಬರಿಗಾಲಲ್ಲಿ ಬಂದ ಹುಡುಗರು ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ತಾವೇ ಹೋಟೆಲ್ ಹಾಕಿದರು. ಮಾಟುಂಗಾದ ಕೆಫೆ ಮದ್ರಾಸ್ ಶುರುವಾದದ್ದು 1940ರಲ್ಲಿ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ. ಇಂದಿಗೂ ಅಲ್ಲಿ ಬಾಳೆಯೆಲೆ ಹಾಕಿ ಬಡಿಸುತ್ತಾರೆ. ಗುಜರಾತಿಗಳು, ಮರಾಠಿಗರು, ಪಾರಸಿಗಳು ಸಾಲಿನಲ್ಲಿ ನಿಲ್ಲುತ್ತಾರೆ. ಆ ಬಾಗಿಲ ಮುಂದೆಯೇ ನಮ್ಮ ಕನ್ನಡ ಕುಟುಂಬ ಚಿತ್ರಾನ್ನದ ಡಬ್ಬಿ ಹೊತ್ತು ಸ್ಟೇಶನ್ನಿಗೆ ನಡೆಯುತ್ತದೆ. ಊರಿಗೆಲ್ಲ ಎಲೆ ಹಾಕಿದ ಜನ ನಾವು. ನಮ್ಮ ಮನೆಯಾಕೆಯನ್ನು ಒಂದು ದಿನ ಎಲೆಯ ಮುಂದೆ ಕೂರಿಸಿ ಬೇರೆಯವರು ಬಡಿಸಲೆಂದು ಬಿಡಲು ಮಾತ್ರ ನಮಗೆ ಮನಸ್ಸಿಲ್ಲ.

‘ಹೊರಗಿನದು ಆರೋಗ್ಯಕ್ಕೆ ಕೆಟ್ಟದ್ದು’ ಎಂಬ ಮಾತು ಬಂದೇ ಬರುತ್ತದೆ. ಬಿ.ಎಸ್ಸಿ. ಓದಿದ ಋಣಕ್ಕೆ ಇದಕ್ಕೊಂದು ಉತ್ತರ ಕೊಡಬೇಕು. ಬೇಯಿಸಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗದೆ ಉಳಿದಿರಬಲ್ಲವು. ಅನ್ನ ಉಗುರುಬೆಚ್ಚಗೆ ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಅವುಗಳಲ್ಲಿ ವಾಂತಿ ತರಿಸುವ ಒಂದು ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗದು. ಬೆಳಗಿನ ಐದಕ್ಕೆ ಕಟ್ಟಿದ ಅನ್ನವನ್ನು ಮೇ ತಿಂಗಳ ಮುಂಬಯಿಯ ಬೆವರಿನಲ್ಲಿ ಮಧ್ಯಾಹ್ನ ಎರಡಕ್ಕೆ ಬಿಚ್ಚುವವರು, ಕಣ್ಣೆದುರಿಗೆ ಹಬೆಯಿಂದ ಇಳಿದ ಇಡ್ಲಿಯನ್ನು ಸಂಶಯಿಸುವುದು ಯಾವ ನ್ಯಾಯ? ನಮ್ಮ ಹಿಂದಿನವರು ದಡ್ಡರಲ್ಲ. ಅವರು ದಾರಿಗೆ ಕಟ್ಟುತ್ತಿದ್ದದ್ದು ಹುಣಿಸೆಯ ಹುಳಿ, ಎಣ್ಣೆ ಹೆಚ್ಚಾಗಿ ಹಾಕಿ ನೀರಿನಂಶ ಆರುವವರೆಗೆ ಕುದಿಸಿದ ಗೊಜ್ಜಿನ ಪುಳಿಯೋಗರೆಯನ್ನು, ಒಣ ರೊಟ್ಟಿಯನ್ನು. ಅದಕ್ಕೆ ಕಾರಣವೂ ಇತ್ತು: ಜಾತ್ರೆಗೆ ಬಂಡಿ ಹೂಡಿದರೆ ದಾರಿಯಲ್ಲಿ ಅನ್ನ ಸಿಕ್ಕುತ್ತಿರಲಿಲ್ಲ, ಸಿಕ್ಕರೂ ಅದು ಯಾರ ಕೈಯ ಅಡುಗೆ ಎಂಬ ಪ್ರಶ್ನೆ ಏಳುತ್ತಿತ್ತು. ಹೆಜ್ಜೆಗೊಂದು ಹೋಟೆಲಿರುವ ನಗರದಲ್ಲಿ ಮೊದಲ ಕಾರಣ ಉಳಿದಿಲ್ಲ. ಎರಡನೆಯದು ಉಳಿದಿದೆಯೆನ್ನುವವರು ಅದನ್ನು ಆರೋಗ್ಯದ ಹೆಸರಿನಲ್ಲಿ ಬಚ್ಚಿಡದೆ ಬಾಯಿಬಿಟ್ಟು ಹೇಳಲಿ.

ಖರ್ಚಿನ ಮಾತು ನಿಜ. ಗುಮಾಸ್ತನ ಸಂಬಳ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನಿನ ಮುಂದೆ ಏಳದ ಲೆಕ್ಕಾಚಾರ ಇಡ್ಲಿಯ ಮುಂದೆ ಏಕೆ ಏಳುತ್ತದೆ? ದುಡ್ಡು ಸಾಲದಿದ್ದರೆ ವರ್ಷಕ್ಕೆ ಮೂರು ಸಲ ಹೋಗುವಲ್ಲಿ ಒಂದು ಸಲ ಹೋಗೋಣ, ಆ ಒಂದು ಸಲ ಎಲ್ಲರೂ ಹೋಗೋಣ. ಖರೀದಿಯಲ್ಲೂ ಇದೇ ಕಥೆ. ಬಟ್ಟೆಯ ಮಂಗಳದಾಸ ಮಾರ್ಕೆಟ್ಟಿಗೆ ರವಿವಾರ ಬೀಗ, ಉಳಿದದ್ದು ದಾದರ್. ದಿನವೆಲ್ಲ ದಣಿದು ಸಂಜೆ ಏಳಕ್ಕೆ ರಾನಡೆ ರಸ್ತೆಯ ನೂಕುನುಗ್ಗಲಿನಲ್ಲಿ ಆಕೆ ಅತ್ತೆಗೆ, ನಾದಿನಿಗೆ, ಮಕ್ಕಳಿಗೆ ಆರಿಸುತ್ತಾಳೆ. ಯಜಮಾನರು ಅಂಗಡಿಯ ಹೊರಗೆ ನಿಂತು ಗಡಿಯಾರ ನೋಡುತ್ತಾರೆ. ಮನೆಗೆ ಬಂದು ‘ಹೆಂಗಸರ ಖರೀದಿಗೆ ಕೊನೆಯೇ ಇಲ್ಲ’ ಎಂದು ನೆರೆಯವರಿಗೆ ಹೇಳುತ್ತಾರೆ. ಚೀಲದಲ್ಲಿ ಆಕೆಯದೆಂದು ಒಂದು ಕರವಸ್ತ್ರವೂ ಇರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ವಾದ ಕಡೆಗೆ ಬರುತ್ತದೆ: ‘ಅವಳಿಗೇ ಇಷ್ಟ, ನಾವು ಬೇಡವೆಂದರೂ ಕೇಳುವುದಿಲ್ಲ.’ ಇದ್ದೀತು. ಬೇಡವೆಂದದ್ದು ಯಾವಾಗ, ಶನಿವಾರ ರಾತ್ರಿಯೋ, ರವಿವಾರ ಬೆಳಿಗ್ಗೆ ಚಪಾತಿ ಬೆಂದ ಮೇಲೆಯೋ? ಹೊರಗೆ ಉಂಡರೆ ‘ನಮ್ಮ ಸೊಸೆಗೆ ಮೈಬಗ್ಗದು’ ಎಂದು ಊರಿಗೆ ಹೋಗಿ ಹೇಳುವ ಅತ್ತೆ ಮನೆಯಲ್ಲಿರುವಾಗ ಆಕೆ ಇಷ್ಟವಿಲ್ಲವೆಂದು ಹೇಳುವುದಾದರೂ ಹೇಗೆ? ಆ ಮಾತನ್ನು ಅತ್ತೆಗೆ ಮಗ ಹೇಳಬೇಕು. ಮಡಿಯ ಹಿರಿಯರಿದ್ದರೆ ಅವರೊಬ್ಬರಿಗೆ ಅವಲಕ್ಕಿ, ಬಾಳೆಹಣ್ಣು ಒಯ್ಯಬಹುದು; ಆ ಚೀಲವನ್ನೂ ಮಗನೇ ಹೊರಬಹುದು.

ನಮ್ಮಂಥ ಸಂಘಗಳಿಗೂ ಒಂದು ಮಾತು. ವಾರ್ಷಿಕ ವಿಹಾರದ ಸುತ್ತೋಲೆಗಳಲ್ಲಿ ‘ಸದಸ್ಯರು ಊಟದ ಬುತ್ತಿ ತಾವೇ ತರತಕ್ಕದ್ದು’ ಎಂಬ ಸಾಲನ್ನು ಕಾರ್ಯಕಾರಿ ಸಮಿತಿಯವರು ಕಣ್ಣುಮುಚ್ಚಿ ಅಚ್ಚು ಹಾಕಿಸುತ್ತಾರೆ. ಸದಸ್ಯರೆಂದರೆ ಸದಸ್ಯರ ಪತ್ನಿಯರು ಎಂದು ಓದಿಕೊಳ್ಳಬೇಕು. ಬರುವ ವರ್ಷದಿಂದ ಆ ಸಾಲನ್ನು ಹೊಡೆದುಹಾಕಿ, ತಲೆಗಿಷ್ಟೆಂದು ವಂತಿಗೆ ಎತ್ತಿ, ನಮ್ಮವರದೇ ಒಂದು ಹೋಟೆಲಿಗೆ ಮೊದಲೇ ಹೇಳಿಟ್ಟರೆ ಆಗದ ಕೆಲಸವೇನಲ್ಲ. ಬುತ್ತಿಯೇ ಬೇಕು, ಮನೆಯ ರುಚಿಯೇ ಬೇಕು ಎಂದು ಹಟ ಹಿಡಿಯುವ ಗಂಡಸರು ಸಮಿತಿಯಲ್ಲಿದ್ದರೆ ಅವರಿಗೂ ಅಡ್ಡಿಯಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಅವರೇ ಕಟ್ಟಲಿ. ಗೊಜ್ಜು ಕುದಿಸುವ ಕ್ರಮವನ್ನು ಮುಂದಿನ ಸಂಚಿಕೆಗೆ ಬರೆದುಕೊಡಲು ನಾವು ಸಿದ್ಧ.