ತೀರ್ಥವೂ ಕುಡಿಯುವ ನೀರೇ

ದೇವರ ಮುಂದೆ ನಿಂತು ಬಲಗೈ ಚಾಚುತ್ತೀರಿ. ಅರ್ಚಕರು ಉದ್ಧರಣೆಯಿಂದ ತೀರ್ಥ ಹಾಕುತ್ತಾರೆ. ಭಕ್ತಿಯಿಂದ ಕುಡಿದು, ಅಂಗೈಯಲ್ಲಿ ಉಳಿದ ಪಸೆಯನ್ನು ತಲೆಗೆ ಸವರಿಕೊಳ್ಳುತ್ತೀರಿ. ಸೊಂಟದ ಮೇಲಿರುವ ಮಗುವಿನ ಬಾಯಿಗೂ ಎರಡು ಹನಿ ಹಾಕಿಸುತ್ತೀರಿ. ಆ ನೀರು ಎಲ್ಲಿಯದು, ಎಂದು ತುಂಬಿಸಿಟ್ಟದ್ದು ಎಂದು ಎಂದಾದರೂ ಯೋಚಿಸಿದ್ದೀರಾ? ಮನೆಯಲ್ಲಿ ಕುಡಿಯುವ ನೀರನ್ನು ಕಾಯಿಸಿ, ಸೋಸಿ, ಮುಚ್ಚಿಡುವ ಗೃಹಿಣಿಯೂ ತೀರ್ಥದ ವಿಷಯದಲ್ಲಿ ಈ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಅಪಚಾರವಾದೀತೆಂಬ ಅಳುಕು.

ಅಳುಕಬೇಕಾಗಿಲ್ಲ. ನಮ್ಮ ಪೂಜಾಪದ್ಧತಿಯಲ್ಲೇ ಇದಕ್ಕೆ ಉತ್ತರವಿದೆ. ನೀರಿಲ್ಲದೆ ನಮ್ಮ ಪೂಜೆ ಆರಂಭವಾಗುವುದೇ ಇಲ್ಲ. ಮೊದಲು ಆಚಮನ. ಅದಕ್ಕೆ ಉದ್ದಿನ ಕಾಳು ಮುಳುಗುವಷ್ಟು ನೀರು ಸಾಕೆಂದು ಹಿರಿಯರು ಅಳತೆಯನ್ನೂ ಹೇಳಿದ್ದಾರೆ. ಷೋಡಶೋಪಚಾರಗಳಲ್ಲಿ ಪಾದ್ಯ, ಅರ್ಘ್ಯ, ಆಚಮನೀಯ, ಸ್ನಾನ ಈ ನಾಲ್ಕೂ ನೀರಿನ ಸೇವೆಗಳೇ. ಕಲಶಪೂಜೆ ಮಾಡುವಾಗ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂಬ ಏಳು ನದಿಗಳನ್ನು ಕಲಶದ ನೀರಿಗೆ ಆವಾಹನೆ ಮಾಡುತ್ತೇವೆ. ಅಂದರೆ ನಿಮ್ಮ ಮನೆಯ ಬಾವಿಯ ಅಥವಾ ನಲ್ಲಿಯ ನೀರೇ ಮಂತ್ರದಿಂದ ಗಂಗೆಯಾಗುತ್ತದೆ. ಕಾಶಿಯಿಂದ ತಂದ ನೀರೇ ಆಗಬೇಕೆಂದು ಕಲಶ ಕೇಳುವುದಿಲ್ಲ. ಹೀಗಿರುವಾಗ ಆ ಕಲಶಕ್ಕೆ ನಾವು ಕುಡಿಯಲು ಯೋಗ್ಯವಾದ ನೀರನ್ನೇ ಏಕೆ ತುಂಬಬಾರದು? ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ನದಿಯಲ್ಲಿ ಮಿಂದವರು ಬೊಗಸೆ ತುಂಬ ನೀರು ಕುಡಿಯುವುದು ವಾಡಿಕೆ. ಆದರೆ ಸ್ನಾನಕ್ಕೆ ಯೋಗ್ಯವಾದ ನೀರು ಬೇರೆ, ಕುಡಿಯಲು ಯೋಗ್ಯವಾದ ನೀರು ಬೇರೆ. ಸ್ನಾನದ ನೀರಿನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಜೀವಾಣುಗಳು 100 ಮಿಲಿಲೀಟರಿಗೆ 2,500ರವರೆಗೆ ಇರಬಹುದೆಂದು ಸರ್ಕಾರದ ಮಾನದಂಡವೇ ಒಪ್ಪುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಾದರೋ ಅಷ್ಟೇ ನೀರಿನಲ್ಲಿ ಇ. ಕೋಲಿ ಒಂದೂ ಕಾಣಿಸಬಾರದು. 2025ರ ಪ್ರಯಾಗರಾಜ್ ಮಹಾಕುಂಭದ ಸಮಯದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ವರದಿ ಸ್ನಾನದ ಮಿತಿ ಮೀರಿದೆ ಎಂದಿತು. ಅನಂತರದ ವರದಿ ಒಟ್ಟಾರೆಯಾಗಿ ಸ್ನಾನಕ್ಕೆ ಅಡ್ಡಿಯಿಲ್ಲ ಎಂದಿತು. ಎರಡೂ ಮಾತನಾಡಿದ್ದು ಮೀಯುವುದರ ಬಗ್ಗೆ, ಕುಡಿಯುವುದರ ಬಗ್ಗೆ ಅಲ್ಲ ಎಂಬುದನ್ನು ಗಮನಿಸಿ.

‘ಒಂದು ಉದ್ಧರಣೆ ನೀರಿನಿಂದ ಏನಾದೀತು?’ ಎಂದು ನೀವು ಕೇಳಬಹುದು. ಆರೋಗ್ಯವಂತರಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ, ನಿಜ. ಆದರೆ ರಕ್ತಭೇದಿ ತರುವ ಶಿಗೆಲ್ಲಾ ಕ್ರಿಮಿಗಳು ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಸಾಕು, ರೋಗ ಬರಬಹುದು. ಹೆಪಟೈಟಿಸ್ ಇ ಎಂಬ ಕಾಮಾಲೆಯೂ ಮಲಿನ ನೀರಿನಿಂದಲೇ ಹರಡುತ್ತದೆ. ಅದು ಕಾಣಿಸಿಕೊಳ್ಳುವುದು ಎರಡರಿಂದ ಹತ್ತು ವಾರಗಳ ನಂತರ. ಅಷ್ಟು ಹೊತ್ತಿಗೆ ಯಾತ್ರೆಯ ನೆನಪು ಮಾಸಿರುತ್ತದೆ. ಕಾಮಾಲೆಗೂ ಅಂದು ಕುಡಿದ ನೀರಿಗೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಉಳಿದವರಲ್ಲಿ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುವ ಈ ರೋಗ ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರಕ್ಕೆ 20ರಿಂದ 25 ಮಂದಿ ಸಾಯುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಈ ಮಾತನ್ನು ಮರೆಯಬೇಡಿ.

ಗಂಗೆಯ ನೀರಿಗೆ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯಿದೆಯಲ್ಲವೇ ಎಂಬ ವಾದವೂ ಇದೆ. ಇದು ಬರಿಯ ನಂಬಿಕೆಯಲ್ಲ. ಗಂಗಾ, ಯಮುನಾ ನದಿಗಳ ನೀರಿನಲ್ಲಿ ಕಾಲರಾ ಕ್ರಿಮಿ ಬೇಗ ಸಾಯುತ್ತದೆಂದು ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ 1896ರಲ್ಲೇ ಬರೆದರು. ಬ್ಯಾಕ್ಟೀರಿಯಾಗಳನ್ನು ನಾಶಮಾಡುವ ಬ್ಯಾಕ್ಟೀರಿಯೋಫೇಜ್ ಎಂಬ ವೈರಸ್‌ಗಳು ಇದಕ್ಕೆ ಕಾರಣವಿರಬೇಕೆಂದು ಆಮೇಲೆ ವಿವರಿಸಲಾಯಿತು. ಆದರೆ ಒಂದೊಂದು ಜಾತಿಯ ಫೇಜ್ ತನಗೆ ಒಗ್ಗುವ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ. ಕಾಮಾಲೆಯ ವೈರಸ್ಸಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ತಾಮ್ರದ ಪಾತ್ರೆಯ ಮಾತೂ ಹೀಗೆಯೇ. ಬೆಂಗಳೂರಿನ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ, ವಿಷಮಶೀತಜ್ವರ, ಭೇದಿಗಳ ಬ್ಯಾಕ್ಟೀರಿಯಾ ಉಳಿಯಲಿಲ್ಲ. ಹಿರಿಯರ ರೂಢಿಗೆ ಇದು ಒಳ್ಳೆಯ ಸಮರ್ಥನೆ. ಆದರೆ ಬೆಳಿಗ್ಗೆ ತುಂಬಿಸಿ ಆಗಲೇ ಹಂಚುವ ನೀರಿಗೆ ಈ ಗುಣ ಬರುವುದಿಲ್ಲ. ಇನ್ನು ಮೊಸರು ಬೆರೆತ ಪಂಚಾಮೃತವನ್ನು ತಾಮ್ರದಲ್ಲಿ ಇಡಲೇಬಾರದು. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡ ಎಂದು ಅಜ್ಜಿ ಗದರುತ್ತಿದ್ದುದು ಸುಮ್ಮನೆ ಅಲ್ಲ.

ತೀರ್ಥಕ್ಕೆ ತುಳಸಿ, ಏಲಕ್ಕಿ, ಪಚ್ಚಕರ್ಪೂರ ಹಾಕುತ್ತೇವೆ. ತುಳಸಿ ಹಾಕಿದ ಮಾತ್ರಕ್ಕೆ ಕೊಳೆ ನೀರು ಶುದ್ಧವಾಗದು. ದಳವನ್ನೂ ತೊಳೆದೇ ಹಾಕಬೇಕು. ಪಚ್ಚಕರ್ಪೂರದ ಬದಲು ಆರತಿಯ ಕರ್ಪೂರವನ್ನು ಪುಡಿಮಾಡಿ ಹಾಕುವುದು ಅಪಾಯ. ಅದು ತಿನ್ನುವ ವಸ್ತುವಲ್ಲ. ಕರ್ಪೂರದ ಬಿಲ್ಲೆ ನುಂಗಿದ ಮಕ್ಕಳಿಗೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಒಂದು ಗ್ರಾಂನಷ್ಟು ಕರ್ಪೂರವೂ ಎಳೆಯ ಮಗುವಿನ ಪ್ರಾಣಕ್ಕೆ ಎರವಾದೀತು. ಕರ್ಪೂರದ ಡಬ್ಬಿ ಮಕ್ಕಳ ಕೈಗೆಟುಕದ ಕಡೆ ಇರಲಿ. ಮಗು ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಾಮಕರಣದ ದಿನ ಹಸುಗೂಸಿನ ಬಾಯಿಗೆ ತೀರ್ಥ, ಪಂಚಾಮೃತ ಮುಟ್ಟಿಸುವ ಮನೆಗಳಿವೆ. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ. ವರ್ಷ ತುಂಬುವ ತನಕ ಜೇನುತುಪ್ಪ ಕೊಡಬಾರದು. ಅಪರೂಪಕ್ಕಾದರೂ ಅದರಿಂದ ಬಾಟುಲಿಸಮ್ ಎಂಬ ಘೋರ ರೋಗ ಬರುತ್ತದೆ. ಹಾಗೆಂದು ಕೂಸಿಗೆ ತೀರ್ಥ ತಪ್ಪಬೇಕಾಗಿಲ್ಲ. ಪ್ರೋಕ್ಷಣೆ ಇದೆಯಲ್ಲ! ತಲೆಯ ಮೇಲೆ ಎರಡು ಹನಿ ಚಿಮುಕಿಸಿದರೆ ಶಾಸ್ತ್ರವೂ ಆಯಿತು, ಮಗುವೂ ಸುರಕ್ಷಿತ.

ಜೀವನದ ಇನ್ನೊಂದು ತುದಿಯಲ್ಲೂ ತೀರ್ಥ ಬೇಕು. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವೋ, ಕಾಶಿಯಿಂದ ತಂದ ಬೆಸುಗೆ ಹಾಕಿದ ತಾಮ್ರದ ಗಿಂಡಿಯ ಗಂಗೆಯೋ ಎಷ್ಟೋ ಮನೆಗಳ ದೇವರ ಗೂಡಿನಲ್ಲಿ ಕಾದಿರುತ್ತದೆ. ಕೊನೆಯುಸಿರಿನ ಹೊತ್ತಿಗೆ ಒಂದು ಹನಿ ಬಾಯಿಗೆ ಬೀಳಬೇಕು ಎಂಬುದು ಹಿರಿಯರ ಆಸೆ. ಈ ಆಸೆಯನ್ನು ಯಾವ ವೈದ್ಯನೂ ಅಲ್ಲಗಳೆಯಬಾರದು. ಆದರೆ ಪ್ರಜ್ಞೆ ತಪ್ಪಿದವರ, ನುಂಗಲಾರದವರ ಬಾಯಿಗೆ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಬಂಧುಗಳು ಒಬ್ಬರಾದ ಮೇಲೊಬ್ಬರು ಚಮಚದಲ್ಲಿ ಹಾಕುವುದಂತೂ ಆ ಜೀವಕ್ಕೆ ಹಿಂಸೆ. ಶುಭ್ರವಾದ ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ಹಿಂಡಿ, ತುಟಿಯನ್ನು ಒದ್ದೆ ಮಾಡಿ. ಅವರ ಆಸೆಯೂ ಈಡೇರುತ್ತದೆ, ಒಣಗಿದ ಬಾಯಿಗೂ ಹಿತವೆನಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹಿಂದಿನ ರಾತ್ರಿ ನೀರನ್ನು ಚೆನ್ನಾಗಿ ಕುದಿಸಿ. ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆರಿದ ಮೇಲೆ ತಿಕ್ಕಿ ತೊಳೆದ ಪಾತ್ರೆಯಲ್ಲಿ ಮುಚ್ಚಿಡಿ. ದಿನದ ತೀರ್ಥ ದಿನಕ್ಕೇ ಮುಗಿಯಲಿ. ಕಾಯಿಸಿದ ನೀರು ಮಡಿಗೆ ಬಾರದು ಎನ್ನುವ ಮನೆಗಳಲ್ಲಿ ಶುದ್ಧೀಕರಣ ಯಂತ್ರದ ನೀರನ್ನು ಬಳಸಬಹುದು. ಅಭಿಷೇಕಕ್ಕೆ ಹೊಳೆಯ ನೀರೇ ಆಗಬೇಕೆಂದಿದ್ದರೆ ಆಗಲಿ. ಅದನ್ನು ತಲೆಗೆ ಪ್ರೋಕ್ಷಿಸಿಕೊಳ್ಳಿ, ಕುಡಿಯಲು ಬೇರೆ ತೀರ್ಥವಿರಲಿ. ತೀರ್ಥಕ್ಕೆ ಕೈ ಒಡ್ಡುವ ಮುನ್ನ ಆ ಕೈಯನ್ನು ತೊಳೆದುಕೊಳ್ಳಿ. ಕೈಕಾಲು ತೊಳೆದೇ ದೇವಸ್ಥಾನದ ಒಳಗೆ ಹೋಗುವುದು ನಮ್ಮ ಹಳೆಯ ಕ್ರಮ. ಚಪ್ಪಲಿ ಬಿಟ್ಟ ಕೈಯಲ್ಲೇ ನೇರ ತೀರ್ಥಕ್ಕೆ ನಿಲ್ಲುತ್ತಿರುವವರು ನಾವು.

ದೇವಸ್ಥಾನಗಳ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಗೋಪುರದ ಬಣ್ಣಕ್ಕೆ, ದೀಪಾಲಂಕಾರಕ್ಕೆ ಖರ್ಚು ಮಾಡುವಾಗ ಬಾವಿ ಮತ್ತು ತೊಟ್ಟಿಯನ್ನು ಶುಚಿಮಾಡಿಸುವುದಕ್ಕೂ, ವರ್ಷಕ್ಕೆರಡು ಬಾರಿ ನೀರಿನ ಪರೀಕ್ಷೆಗೂ ಒಂದಿಷ್ಟು ಹಣ ತೆಗೆದಿಡಿ. ದೇವರ ಹೆಸರಿನಲ್ಲಿ ಕೊಟ್ಟದ್ದನ್ನು ಭಕ್ತರು ಪ್ರಶ್ನಿಸದೆ ಕುಡಿಯುತ್ತಾರೆ. ಅವರು ಪ್ರಶ್ನಿಸುವುದಿಲ್ಲ ಎಂಬ ಕಾರಣಕ್ಕೇ ಕೊಡುವವರ ಹೊಣೆ ಹೆಚ್ಚು.