ಅಕ್ಷರ ಬೆಳೆಯುವ ಬಗೆ
ಈ ವಾರ ಮುಂಬೈನ ಜೋಗೇಶ್ವರಿಯಲ್ಲಿ ಲೋಕಲ್ ರೈಲು ಹತ್ತಿದಾಗ ಪಕ್ಕದ ಹಿರಿಯರೊಬ್ಬರು ಮೊಬೈಲಿನಲ್ಲಿ ಕನ್ನಡ ಸುದ್ದಿ ಓದುತ್ತಿದ್ದರು. ಸರಿಯಾಗಿ ಕಾಣದೆ ಅಕ್ಷರ ದೊಡ್ಡದು ಮಾಡಿದರು. ಇಡೀ ಪುಟ ತಟಕ್ಕನೆ ಹಾರಿತು, ಓದುತ್ತಿದ್ದ ಸಾಲು ನಾಪತ್ತೆ. "ಎಲ್ಲಿಯವರೆಗೆ ಓದಿದ್ದೆ ಮಾರಾಯ್ರೆ?" ಎಂದು ನನ್ನನ್ನೇ ಕೇಳಿದರು. ಅಕ್ಷರ ನಯವಾಗಿ ಬೆಳೆದಿದ್ದರೆ ಅವರ ಕಣ್ಣು ಸಾಲಿನ ಜೊತೆಗೇ ಸಾಗುತ್ತಿತ್ತು. ಪರದೆಯ ಮೇಲಿನ ಆನಿಮೇಷನ್ ಎಂದರೆ ಬರೀ ಶೋಕಿ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ರೈಲು ನಿಲ್ದಾಣಕ್ಕೆ ಬರುವಾಗ ಹಳದಿ ನಾಮಫಲಕವನ್ನು ನೋಡಿ: ಅಕ್ಷರಗಳು ಕ್ಷಣಕ್ಷಣಕ್ಕೂ ಹಿಗ್ಗುತ್ತವೆ, ಆದರೆ ಯಾವ ಪದವೂ ಕೆಳಗಿನ ಸಾಲಿಗೆ ಜಾರುವುದಿಲ್ಲ, ಕಣ್ಣಿಗೆ ದಾರಿ ತಪ್ಪುವುದಿಲ್ಲ. ಪರದೆಯ ಕಥೆಯೇ ಬೇರೆ. ಫಾಂಟ್ ಸೈಜನ್ನು 16ರಿಂದ 24ಕ್ಕೆ ಇಷ್ಟಿಷ್ಟೇ ಏರಿಸುತ್ತ ಹೋದರೆ ಪ್ರತಿ ಫ್ರೇಮಿಗೂ ಸಾಲುಗಳನ್ನು ಹೊಸದಾಗಿ ಜೋಡಿಸಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಜೋಡಣೆ ಮುಗಿಯದಿದ್ದರೆ ಪರದೆ ತಡವರಿಸುತ್ತದೆ; ಮುಗಿದರೂ ಪದಗಳು ಸಾಲಿಂದ ಸಾಲಿಗೆ ನೆಗೆದಾಡುತ್ತವೆ. ಒಂದೇ ಸಾಲಿನ ಶೀರ್ಷಿಕೆಯಾದರೆ ಅದನ್ನು ಚಿತ್ರದಂತೆ ಹಿಗ್ಗಿಸಿ ಕೊನೆಗೊಮ್ಮೆ ಸ್ಫುಟವಾಗಿ ಬರೆದರೆ ಸಾಕು. ಪ್ಯಾರಾಕ್ಕೆ ಅದು ಸಾಲದು. ಓದುತ್ತಿದ್ದ ಸಾಲನ್ನು ಇದ್ದಲ್ಲೇ ಹಿಡಿದಿಟ್ಟು, ಸುತ್ತಲಿನದನ್ನು ಮಸುಕಾಗಿಸಿ ಮತ್ತೆ ಮೂಡಿಸಬೇಕು. ಇನ್ನು ಅಕ್ಷರ ಎಷ್ಟು ದೊಡ್ಡದಾಗಬಹುದು ಎಂಬ ಮಾತು: 2023ರ ಆಂಡ್ರಾಯ್ಡ್ 14 ಅಕ್ಷರವನ್ನು ಶೇಕಡಾ 200ರವರೆಗೆ ಬೆಳೆಯಲು ಬಿಟ್ಟಿತು, ಅದೂ ಸಣ್ಣ ಅಕ್ಷರಕ್ಕೆ ಹೆಚ್ಚು, ದೊಡ್ಡದಕ್ಕೆ ಕಡಿಮೆ ಎಂಬ ಜಾಣ ಲೆಕ್ಕದಲ್ಲಿ. ಆದರೆ ಬಟನ್ನಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು ಕಟ್ಟಿಹಾಕಿದ್ದರೆ, ಎಷ್ಟೇ ನಯವಾಗಿ ಬೆಳೆಸಿದರೂ 'ಜೋಗೇಶ್ವರಿ'ಯ ಶಕಾರದ ಕೆಳಗಿರುವ ವ-ಒತ್ತು ಅರ್ಧಕ್ಕೇ ಕತ್ತರಿಸಿಹೋಗಬಹುದು.